ಗೌರೀಶನ ನೀರಿನ ಬೆಳೆ

ಹೆಗ್ಗಡದೇವನಕೋಟೆಯ ಪಿ.ಯು. ಕಾಲೇಜೊಂದರಲ್ಲಿ ಗೌರೀಶ ಜೀವಶಾಸ್ತ್ರ ಪ್ರಯೋಗಾಲಯದ ಸಹಾಯಕನಾಗಿ ಇಪ್ಪತ್ತೊಂದು ವರ್ಷ ಆಗಿತ್ತು. ಜೀವಶಾಸ್ತ್ರ ಅಂದ ಮೇಲೆ ಜೀವಿಗಳ ಒಡನಾಟ ಇರಬೇಕಲ್ಲ ಎಂದು ನೀವು ಕೇಳಬಹುದು. ಇತ್ತು. ಆದರೆ ಅವೆಲ್ಲ ಅವನು ಕೆಲಸಕ್ಕೆ ಸೇರುವ ಮೊದಲೇ ತೀರಿಕೊಂಡಿದ್ದವು. ಗಾಜಿನ ಜಾಡಿಗಳಲ್ಲಿ ಒಂದು ನಾಗರಹಾವು, ಎರಡು ಕಪ್ಪೆ, ಒಂದು ಬಾವಲಿ, ಚೀಟಿ ಕಿತ್ತುಹೋಗಿ ಏನೆಂದು ಯಾರಿಗೂ ಗೊತ್ತಿಲ್ಲದ ಇನ್ನೊಂದು ಪ್ರಾಣಿ. ಪ್ರತಿ ಸೋಮವಾರ ಇವುಗಳ ಧೂಳು ಒರೆಸಿ, ಮುಖ ಹುಡುಗರ ಕಡೆಗೆ ತಿರುಗಿಸಿ ಇಡುವುದು ಅವನ ಕೆಲಸ. ಇಪ್ಪತ್ತೊಂದು ವರ್ಷದಲ್ಲಿ ಅವುಗಳಲ್ಲಿ ಒಂದೂ ಅವನ ಕೈಯಲ್ಲಿ ಸತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಅವನ ಸೇವಾಪುಸ್ತಕ ಶುದ್ಧವಾಗಿತ್ತು.

ಹೀಗಿರುವಾಗ ಮಾರ್ಚ್ ತಿಂಗಳ ಕೊನೆಗೆ ಉಪನ್ಯಾಸಕಿ ಪದ್ಮಶ್ರೀ ಮೇಡಂ ಹೆರಿಗೆ ರಜೆಯ ಮೇಲೆ ಹೊರಟರು. ಹೊರಡುವ ದಿನ ಅವನನ್ನು ಕರೆದು ಹಸಿರು ನೀರು ತುಂಬಿದ ಒಂದು ಬಾಟಲಿಯನ್ನು ಕೈಗಿಟ್ಟರು.

"ಗೌರೀಶ್, ಇದು ಫೈಟೋಪ್ಲಾಂಕ್ಟನ್. ಕಣ್ಣಿಗೆ ಕಾಣದಷ್ಟು ಸಣ್ಣ ಗಿಡಗಳು. ನೀರಲ್ಲೇ ಹುಟ್ಟಿ ನೀರಲ್ಲೇ ಬೆಳೀತವೆ. ಮುಂದಿನ ವರ್ಷ ಮಕ್ಕಳಿಗೆ ಮೈಕ್ರೋಸ್ಕೋಪಲ್ಲಿ ಜೀವ ಇರೋದನ್ನ ತೋರಿಸ್ಬೇಕು ಅಂತ ಕಷ್ಟಪಟ್ಟು ಬೆಳೆಸಿದೀನಿ. ರಜೇಲಿ ಕಾಲೇಜು ಬಾಗಿಲು ಹಾಕ್ತಾರೆ, ನೀವು ಮನೇಲಿಟ್ಟು ನೋಡ್ಕೊಳಿ."

"ಎಷ್ಟು ಜನ ಇದಾರೆ ಮೇಡಂ ಇದರಲ್ಲಿ?"

"ಒಂದು ಚಮಚದಲ್ಲೇ ಲಕ್ಷಗಟ್ಟಲೆ. ಬೆಳಕು ಕೊಡಿ, ಗಾಳಿ ಕೊಡಿ. ಮುಖ್ಯ ಅಂದ್ರೆ ನೀರು ನಿಲ್ಲಬಾರದು. ತಿರುಗ್ತಾ ಇರ್ಬೇಕು. ನಿಂತರೆ ಎಲ್ಲ ತಳಕ್ಕೆ ಕೂತು, ಬೆಳಕು ಸಿಗದೆ ಸತ್ತೋಗ್ತವೆ."

ಗೌರೀಶ ಆ ಬಾಟಲಿಯನ್ನು ಬಾಣಂತಿ ಮನೆಯಿಂದ ಮಗುವನ್ನು ತರುವ ಹಾಗೆ ಎದೆಗವುಚಿಕೊಂಡು ಮನೆಗೆ ಹೊರಟ. ನೀರು ನಿಲ್ಲಬಾರದು ಎಂದಿದ್ದರಲ್ಲ, ಹತ್ತು ಹೆಜ್ಜೆಗೊಮ್ಮೆ ನಿಂತು ಅದನ್ನು ಅಲ್ಲಾಡಿಸಿದ. ಬಸ್‌ಸ್ಟ್ಯಾಂಡ್ ಮುಂದಿನ ಟೀ ಅಂಗಡಿಯವನು ಕೂಗಿ ಕೇಳಿದ: "ಯಾಕೆ ಗೌರೀಶಪ್ಪಾ, ಕೈ ಅಂಗೆ ನಡುಗ್ತಾ ಐತೆ? ಸುಗರ್ ತೋರಿಸ್ದ್ಯಾ?"

ಮಗಳು ಭಾವನಾ ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ಅವಳ ಮಂಚ ಖಾಲಿ ಇತ್ತು. ಅದರ ಮೇಲೆ ಬಾಟಲಿ, ಬಾಟಲಿಯ ಹಿಂದೆ ಟ್ಯೂಬ್‌ಲೈಟು, ಮಂಚದ ಕೆಳಗೆ ಹುಣಸೂರಿನಿಂದ ತಂದ, ಮೀನಿನ ತೊಟ್ಟಿಗೆ ಗಾಳಿ ಊದುವ ಪಂಪು. ಪಂಪಿನಿಂದ ಒಂದು ಸಣ್ಣ ಕೊಳವೆ ಬಾಟಲಿಯ ತಳಕ್ಕೆ ಇಳಿಯಿತು. ಗುಳುಗುಳು ಎಂದು ಗುಳ್ಳೆ ಎದ್ದು, ತಳದ ನೀರು ಮೇಲಕ್ಕೆ, ಮೇಲಿನದು ತಳಕ್ಕೆ ತಿರುಗತೊಡಗಿತು. ಎಂಟು ದಿನಕ್ಕೆ ನೀರು ಬಟಾಣಿ ಬಣ್ಣಕ್ಕೆ ದಟ್ಟವಾದಾಗ ಅರ್ಧ ತೆಗೆದು ಹೊಸ ಬಾಟಲಿಗೆ ಹಾಕಿ, ಕಾಯಿಸಿ ಆರಿಸಿದ ನೀರು ತುಂಬಿ, ಚಿಟಿಕೆ ಗೊಬ್ಬರ ಕೊಡಬೇಕು. ಹಾಗೆ ಒಂದು ಎರಡಾಯಿತು, ಎರಡು ನಾಲ್ಕಾಯಿತು, ಏಪ್ರಿಲ್ ಮುಗಿಯುವಷ್ಟರಲ್ಲಿ ಮಂಚದ ತುಂಬ ಎಂಟು ಬಾಟಲಿ. ಅಲ್ಲಿಂದ ಮುಂದೆ ತೆಗೆದ ಅರ್ಧವನ್ನು ಹೆಂಡತಿ ಶಾಂಭವಿ ತನ್ನ ಮಲ್ಲಿಗೆ ಗಿಡಕ್ಕೆ ಸುರಿಯುತ್ತಿದ್ದಳು.

"ಇಪ್ಪತ್ನಾಕು ಗಂಟೆ ಗುಳುಗುಳು ಅಂತವಲ್ರೀ, ಯಾರೋ ಹುಕ್ಕಾ ಸೇದ್ದಂಗೆ," ಎಂದು ಅವಳು ಮೊದಲ ವಾರ ಗೊಣಗಿದಳು. ಎರಡನೇ ವಾರ ಅದೇ ಸದ್ದಿಗೆ ನಿದ್ದೆ ಹೋದಳು. ಮೂರನೇ ವಾರ ಒಂದು ಮಧ್ಯಾಹ್ನ ಗುಳ್ಳೆ ನಿಂತಾಗ ಅವಳೇ ಅಡುಗೆಮನೆಯಿಂದ ಕೂಗಿದಳು: "ರೀ, ನಿಮ್ಮ ಮಕ್ಳು ಸುಮ್ಕಾಗ್ಬುಟ್ವು, ನೋಡಿ!"

ಇಷ್ಟರಲ್ಲೇ ಕಥೆ ಮುಗಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಮೇ ತಿಂಗಳಲ್ಲಿ ಕೆ.ಆರ್. ನಗರದಲ್ಲಿ ಒಂದು ಮದುವೆ ಬಂತು.

ಆ ಮದುವೆಯ ಊಟದ ಪಂಕ್ತಿಗೆ ಹೋಗುವ ಮೊದಲು ಗೌರೀಶನ ಮಾವನ ವಿಷಯ ಹೇಳಬೇಕು. ಮಾವ ನಂಜಣ್ಣ ಹೊಸ ಅಗ್ರಹಾರದ ಕಡೆಯ ರೈತ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ಪಿರಿಯಾಪಟ್ಟಣದ ಗುರುಸ್ವಾಮಿಗೆ ಕೊಟ್ಟಿದ್ದರು. ಹೊಗೆಸೊಪ್ಪು, ಶುಂಠಿ, ಟ್ರ್ಯಾಕ್ಟರು, ಪಿಕಪ್ ಗಾಡಿ, ಇಷ್ಟರ ಜೊತೆಗೆ ದೊಡ್ಡ ಗಂಟಲು ಇದ್ದ ಅಳಿಯ. ಚಿಕ್ಕವಳು ಶಾಂಭವಿಯನ್ನು ಗೌರೀಶನಿಗೆ ಕೊಟ್ಟಿದ್ದರು. ಅವನಿಗೆ ಒಂದು ಗುಂಟೆ ಜಮೀನೂ ಇರಲಿಲ್ಲ. ಸರ್ಕಾರಿ ಕೆಲಸ ಎಂದು ಯಾರೋ ಹೇಳಿದ್ದನ್ನು ನಂಬಿ ಕೊಟ್ಟಿದ್ದು. ಆ ಕೆಲಸ ಕಾಯಂ ಆಗುವುದಕ್ಕೆ ಹದಿಮೂರು ವರ್ಷ ಹಿಡಿಯಿತು. ಆ ಹದಿಮೂರು ವರ್ಷ ನಂಜಣ್ಣ ಯಾರ ಮುಂದೆಯೂ ಏನೂ ಆಡಲಿಲ್ಲ. ಮಗಳ ಮನೆಗೆ ಬಂದರೆ ಜಗುಲಿಯ ಮೇಲೆ ಕೂತು ಒಂದು ಚೊಂಬು ನೀರು ಕುಡಿದು, "ಬತ್ತೀನಿ ಅಳಿಯಂದ್ರೇ, ಬಸ್ಸೈತೆ," ಎಂದು ಎದ್ದುಬಿಡುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಅಲ್ಲಿ ಉಳಿದವರಲ್ಲ. ಗೌರೀಶ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದ. ಕೇಳದವರಿಗೂ ಹೇಳುತ್ತಿದ್ದ.

ಊಟಕ್ಕೆ ಕೂತಾಗ ಗೌರೀಶನ ಎಡಕ್ಕೆ ಷಡ್ಡಕ ಗುರುಸ್ವಾಮಿ, ಸುತ್ತ ಮೂರು ತಾಲ್ಲೂಕಿನ ನೆಂಟರು. ಮಾತೆಲ್ಲ ಶುಂಠಿ, ಜೋಳ, ನಾಲೆ ನೀರು. ಗೌರೀಶ ಕೋಸಂಬರಿ ಮುಗಿಸಿದ, ಪಲ್ಯ ಮುಗಿಸಿದ, ಸುಮ್ಮನೆ ಕೂತಿದ್ದ. ಅಷ್ಟರಲ್ಲಿ ಗುರುಸ್ವಾಮಿ ದೊಡ್ಡ ಗಂಟಲಲ್ಲಿ ಕರುಣೆ ತೋರಿಸಿದ:

"ನಮ್ ಗೌರೀಶ ಪುಣ್ಯವಂತ ಬುಡ್ರಪ್ಪಾ. ಬೆಳೆ ಇಲ್ಲ, ಬೇಸಾಯ ಇಲ್ಲ, ಚಿಂತೆ ಇಲ್ಲ."

ಎಲ್ಲರೂ ನಕ್ಕರು. ಎದುರು ಸಾಲಿನಲ್ಲಿದ್ದ ನಂಜಣ್ಣ ಮಾತ್ರ ನಗದೆ ಎಲೆ ನೋಡಿದರು. ಆ ಎಲೆ ನೋಡಿದ್ದನ್ನು ನೋಡಿ ಗೌರೀಶನ ಬಾಯಿಂದ ಮಾತು ತಾನಾಗಿ ಬಂತು.

"ನಂದೂ ಒಂದು ನೀರಿನ ಬೆಳೆ ಐತೆ ಅಣ್ಣ."

ಈಗ ಓದುಗರು ಗಮನಿಸಬೇಕು. ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೆ ಆ ಸೀಮೆಯಲ್ಲಿ ನೀರಿನ ಬೆಳೆ ಎಂದರೆ ನಾಲೆ ಕೆಳಗಿನ ನೀರಾವರಿ ಜಮೀನು. ಗುರುಸ್ವಾಮಿಯ ಕೈಯಲ್ಲಿದ್ದ ಹಪ್ಪಳ ಬಾಯಿಗೆ ಹೋಗದೆ ನಿಂತಿತು.

"ಎಲ್ಲಿ? ಕಬಿನಿ ನೀರಾ?"

"ಕಬಿನಿ ನೀರೇ," ಎಂದ ಗೌರೀಶ. ನಲ್ಲಿಯಲ್ಲಿ ಬರುತ್ತಿದ್ದುದು ಅದೇ.

"ಎಷ್ಟೈತೆ?"

"ಎಂಟು."

"ಎಂಟಾ! ಕುಯ್ಲು ಯಾವಾಗ?"

"ಎಂಟು ದಿನಕ್ಕೊಂದು ಕುಯ್ಲು ಬತ್ತದೆ."

"ಸೊಪ್ಪು ಕಣ್ರೋ! ಸೊಪ್ಪು ಹಾಕವ್ನೆ!" ಎಂದು ಗುರುಸ್ವಾಮಿ ಪಂಕ್ತಿಗೆಲ್ಲ ಅನುವಾದಿಸಿದ. "ನೀರಿಗೆ ಏನ್ ಮಾಡ್ತೀಯ? ನಮ್ಮಲ್ಲಿ ನೀರಿಗೆ ಕಿತ್ತಾಟ."

"ಕಾಯಿಸ್ತೀನಿ."

ಒಲೆಯ ಮೇಲೆ ಕಾಯಿಸುತ್ತೇನೆ ಎಂದು ಅವನ ಅರ್ಥ. ಆಳಿಟ್ಟು ನಾಲೆ ನೀರು ಕಾಯಿಸುತ್ತಾನೆ ಎಂದು ಪಂಕ್ತಿಯ ಅರ್ಥ. ಗೌರೀಶ "ಅಲ್ಲ ಅಣ್ಣ, ಅದು..." ಎಂದು ಬಾಯಿ ತೆರೆದ. ಅದೇ ಗಳಿಗೆಗೆ ಬಡಿಸುವವನು ಎಲೆಗೆ ಪಾಯಸ ಸುರಿದ. ಪಾಯಸ ಎಲೆಯ ಅಂಚು ದಾಟಿ ಹೊರಟಿತು. ಅದನ್ನು ಅನ್ನದ ಕಟ್ಟೆ ಕಟ್ಟಿ ತಡೆದು ಅವನು ತಲೆ ಎತ್ತುವಷ್ಟರಲ್ಲಿ ಎದುರು ಸಾಲಿನಿಂದ ನಂಜಣ್ಣ ಅವನನ್ನೇ ನೋಡುತ್ತಿದ್ದರು. ಆ ಮುಖದಲ್ಲಿ ಗೌರೀಶ ಎಂದೂ ಕಾಣದ ಒಂದು ಬೆಳಕಿತ್ತು. ಆ ಬೆಳಕನ್ನು ಆರಿಸುವ ಧೈರ್ಯ ಅವನಿಗೆ ಬರಲಿಲ್ಲ. ಪಾಯಸ ತಿಂದ.

ಮನೆಗೆ ಬಂದು ನಾಲ್ಕು ದಿನ ಕಳೆಯಲಿಲ್ಲ, ಫೋನುಗಳು ಶುರುವಾದವು. ಒಬ್ಬ ನೆಂಟ ಎಮ್ಮೆಗೆ ಹಸಿಮೇವು ಕೇಳಿದ. ಇನ್ನೊಬ್ಬ ತನ್ನ ತಮ್ಮನಿಗೆ ತೋಟ ನೋಡಿಕೊಳ್ಳುವ ಕೆಲಸ ಕೇಳಿದ. ಪಕ್ಕದ ಮನೆಯ ಭದ್ರಮ್ಮ ಕಾಂಪೌಂಡಿನ ಆಚೆಯಿಂದ ಇಣುಕಿ, "ಅಲ್ಲ ಸಾಂಬವಿ, ಎಂಟು ಎಕರೆ ತಕಂಡು ಒಂದು ಕಟ್ಟು ಕೀರೆ ಸೊಪ್ಪು ಈ ಕಡೆ ಕೊಡಕ್ಕಾಗ್ನಿಲ್ವೇನವ್ವಾ?" ಎಂದು ನೊಂದುಕೊಂಡರು.

ಶಾಂಭವಿ ಒಳಗೆ ಬಂದು ಗಂಡನ ಮುಂದೆ ನಿಂತಳು. ಗೌರೀಶ ಪಂಕ್ತಿಯಲ್ಲಿ ನಡೆದದ್ದನ್ನು ಹಪ್ಪಳ ಸಮೇತ ಹೇಳಿದ. ಅವಳು ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಆಮೇಲೆ ಗೋಡೆ ಹಿಡಿದುಕೊಂಡಳು, ಆಮೇಲೆ ನಕ್ಕೂ ನಕ್ಕೂ ನೆಲದ ಮೇಲೇ ಕೂತಳು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು ಹೇಳಿದಳು: "ಅಪ್ಪ ಫೋನ್ ಮಾಡಿದ್ರು. ಭಾನುವಾರ ಬೆಳೆ ನೋಡಕ್ ಬತ್ತಾರಂತೆ. ನಂಗೆ ಹೇಳಕ್ಕಾಗಲ್ಲ, ನೀವೇ ಹೇಳಿ."

ಗೌರೀಶ ಧೈರ್ಯ ಮಾಡಿ ಮಾವನಿಗೆ ಫೋನು ಹಚ್ಚಿದ. ನಂಜಣ್ಣನಿಗೆ ಕಿವಿ ಸ್ವಲ್ಪ ಮಂದ.

"ಮಾವ, ಅದು ಬಾಟ್ಲು ಮಾವ! ಬಾಟ್ಲಲ್ಲಿ!"

"ಬಾಳೇನಾ? ಬಾಳೇನೂ ಹಾಕಿದೀರಾ! ಒಳ್ಳೇದಾತು ಬುಡಿ. ಕುರಿ ಗೊಬ್ಬರ ತತ್ತೀನಿ, ಬಾಳೆಗೆ ಭಾಳ ಒಳ್ಳೇದು."

ಎಂಟು ಎಕರೆ ಸೊಪ್ಪಿನ ಜೊತೆಗೆ ಬಾಳೆ ತೋಟವೂ ಸೇರಿತು. ಗೌರೀಶ ಫೋನಿಟ್ಟು ಬಾಟಲಿಗಳ ಮುಂದೆ ಕೂತ. ಅವು ಗುಳುಗುಳು ಎನ್ನುತ್ತಿದ್ದವು. ಅವುಗಳಿಗೆ ಮಾವನೂ ಇರಲಿಲ್ಲ, ಷಡ್ಡಕನೂ ಇರಲಿಲ್ಲ.

ಶುಕ್ರವಾರ ಬೆಳಗ್ಗೆ ಮನೆ ಮುಂದೆ ಒಂದು ಬೈಕು ನಿಂತಿತು. ಇಳಿದವನು ಯತೀಶ್, ಆ ವೃತ್ತದ ಗ್ರಾಮ ಆಡಳಿತ ಅಧಿಕಾರಿ, ಇನ್ನೂ ಮೀಸೆ ಸರಿಯಾಗಿ ಬಲಿಯದ ಯುವಕ. ಗುರುಸ್ವಾಮಿ ಉಪಕಾರ ಮಾಡುವ ಮನುಷ್ಯ. ಷಡ್ಡಕನ ಬೆಳೆ ಸಮೀಕ್ಷೆಯಲ್ಲಿ ಬಿಟ್ಟುಹೋಗಬಾರದು ಎಂದು ಪರಿಚಯದವರಿಂದ ಹೇಳಿಸಿದ್ದ.

"ಗೌರೀಶ್ ಅನ್ನೋರು ನೀವೇನಾ ಸರ್? ಎಂಟು ಎಕರೆ ನೀರಾವರಿ ಅಂತ ಹೇಳಿದ್ರು. ಆ್ಯಪಲ್ಲಿ ನಿಮ್ಮ ಹೆಸರು ಹಾಕಿದ್ರೆ ಏನೂ ಬತ್ತಿಲ್ಲ. ಸರ್ವೆ ನಂಬರ್ ಹೇಳಿ."

"ಮನೆ ನಂಬರ್ ಐತೆ, ಆಗ್ತದಾ?"

ಗೌರೀಶ ಅವನನ್ನು ಒಳಗೆ ಕರೆದೊಯ್ದು ಮಂಚ ತೋರಿಸಿದ. ಯತೀಶ್ ಮಂಚ ನೋಡಿದ, ಮೊಬೈಲು ನೋಡಿದ, ಮತ್ತೆ ಮಂಚ ನೋಡಿದ. ಕರ್ತವ್ಯ ಬಿಡುವ ಹುಡುಗನಲ್ಲ.

"ಬೆಳೆ ಹೆಸರು?"

"ಫೈಟೋಪ್ಲಾಂಕ್ಟನ್."

"ಪಟ್ಟೀಲಿ ಇಲ್ಲ ಸರ್. 'ಇತರೆ' ಅಂತ ಹಾಕ್ಲಾ? ಇತರೆ ಹಾಕಿದ್ರೆ ಹೊಲದ ಸುತ್ತ ನಡೀಬೇಕು."

ಅವನು ಮೊಬೈಲು ಹಿಡಿದು ಮಂಚದ ಸುತ್ತ ಒಂದು ಪ್ರದಕ್ಷಿಣೆ ಬಂದ. ಗೋಡೆಯ ಕಡೆ ಜಾಗವಿಲ್ಲದೆ ಮಂಚ ಹತ್ತಿ ಇಳಿದ. ಮೊಬೈಲು ವಿಸ್ತೀರ್ಣ ಸೊನ್ನೆ ಎಂದಿತು. ಬಾಗಿಲಲ್ಲಿ ನಿಂತಿದ್ದ ಭದ್ರಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡರು: "ಎಂಟು ಎಕರೆ ಮಂಚದ್ ಮ್ಯಾಲೆ ಎಂಗ್ ಕೂತ್ಕಂತು ಕಣಪ್ಪಾ. ಇದೇನಾ ಆ ಫೈಟು ಪಲ್ಟನ್ನು? ಮಂಡಿ ನೋವಿಗೆ ಆಯ್ತದಾ?"

"ಮಳೆ ಆಶ್ರಿತವೋ ನೀರಾವರಿಯೋ?" ಎಂದು ಯತೀಶ್ ಕೇಳಿದ. ಉತ್ತರಕ್ಕೆ ಕಾಯದೆ ಬಾಟಲಿಗಳ ಕಡೆ ನೋಡಿ, "ನೀರಾವರಿ," ಎಂದು ಒತ್ತಿದ. ಆಮೇಲೆ ಬಗ್ಗಿ ಗುಳ್ಳೆಗಳನ್ನು ನೋಡತೊಡಗಿದ. ಐದು ನಿಮಿಷವಾದರೂ ಏಳಲಿಲ್ಲ. "ನೋಡ್ತಾ ಇದ್ರೆ ತಲೆನೋವು ಕಮ್ಮಿ ಆಗ್ತದೆ ಸರ್," ಎಂದು ಕೊನೆಗೆ ಹೇಳಿದ. "ಮೇಲಿನವರನ್ನ ಕೇಳ್ಕಂಡು ಭಾನುವಾರ ಇನ್ನೊಂದ್ಸಲ ಬತ್ತೀನಿ." ಭಾನುವಾರ ರಜೆ ಎಂಬುದು ಅವನಿಗೂ ಗೊತ್ತಿತ್ತು.

ಭಾನುವಾರ ಹನ್ನೊಂದು ಗಂಟೆಗೆ ಗುರುಸ್ವಾಮಿಯ ಪಿಕಪ್ಪು ಬಂತು. ಕುಯ್ಲಾದ ಸೊಪ್ಪು ಸಿಕ್ಕರೆ ಹುಣಸೂರು ಮಾರುಕಟ್ಟೆಗೆ ಹಾಕಿಬಿಡೋಣ ಎಂದು ಅವನು ಗಾಡಿಯನ್ನು ಖಾಲಿ ಇಟ್ಟುಕೊಂಡು ಬಂದಿದ್ದ. ಪಕ್ಕದಲ್ಲಿ ನಂಜಣ್ಣ, ಒಗೆದ ಪಂಚೆ, ಹಣೆಯಲ್ಲಿ ವಿಭೂತಿ. ಎರಡು ಚೀಲ ಕುರಿ ಗೊಬ್ಬರ ಇಳಿಯಿತು. ಅದರ ಹಿಂದೆ ಹಳೆಯ ಟವಲಿನಲ್ಲಿ ಸುತ್ತಿದ, ಹೊಸದಾಗಿ ಹಲ್ಲು ಹಾಕಿಸಿದ ಒಂದು ಕುಡುಗೋಲು.

"ಮೊದಲ್ನೇ ಸಲ ನಿಮ್ ಜಮೀನಿಗೆ ಬತ್ತಿದೀನಿ. ಬರಿಗೈಲಿ ಬರಬಾರ್ದು ಅಂತ," ಎಂದರು ನಂಜಣ್ಣ ಸಂಕೋಚದಿಂದ. "ನಡೀರಿ ಅಳಿಯಂದ್ರೇ, ತೋರ್ಸಿ. ನೀರು ಆಮ್ಯಾಲೆ ಕುಡಿದ್ರಾತು."

ಗೌರೀಶನಿಗೆ ಬೇರೆ ದಾರಿ ಇರಲಿಲ್ಲ. ಬಾಗಿಲಿಂದ ಏಳು ಹೆಜ್ಜೆ ನಡೆಸಿ ಮಗಳ ಕೋಣೆಗೆ ಕರೆದುಕೊಂಡು ಹೋಗಿ, ಮಂಚದ ಕಡೆ ಕೈ ತೋರಿಸಿದ.

"ಇದೇ ಮಾವ. ಎಂಟು ಬಾಟ್ಲು. ಜಮೀನಿಲ್ಲ. ಅವತ್ತು ಬಾಯಿ ತಪ್ಪಿ ಅಂದೆ, ಆಮೇಲೆ ತಿದ್ದಕ್ಕೆ... ತಿದ್ಲಿಲ್ಲ."

ಮೊದಲು ಹೊರಟಿದ್ದು ಗುರುಸ್ವಾಮಿಯ ಗಂಟಲು.

"ಪಾಚಿ! ಲೇ ಗೌರೀಶ, ಇದು ಪಾಚಿ ಕಣ್ಲಾ! ನಮ್ ದನೀನ್ ತೊಟ್ಟೀಲಿ ವಾರಕ್ಕೊಂದ್ಸಲ ಕೆರೆದು ಬಿಸಾಕ್ತೀವಿ! ಇದಕ್ಕೆ ನಾನು ಪಿರಿಯಾಪಟ್ಟಣದಿಂದ ಗಾಡಿ ತಂದೆ!"

ನಂಜಣ್ಣ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಕೈಯಲ್ಲಿದ್ದ ಕುಡುಗೋಲನ್ನು ಎಲ್ಲಿಡಬೇಕೆಂದು ತಿಳಿಯದೆ ಟವಲನ್ನು ಮತ್ತೆ ಸುತ್ತತೊಡಗಿದರು. ಅವರ ಬೆರಳು ಆ ಟವಲನ್ನು ಸುತ್ತುವುದನ್ನು ನೋಡಿ ಗೌರೀಶನಿಗೆ ಗುರುಸ್ವಾಮಿ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆಗ ಕರೆಂಟು ಹೋಯಿತು.

ಹಿಂದಿನ ದಿನದ ಗಾಳಿ ಮಳೆಗೆ ಎಲ್ಲೋ ವಾಲಿದ್ದ ಒಂದು ಕೊಂಬೆ ಈಗ ತಂತಿ ಮೇಲೆ ಬಿದ್ದಿತ್ತು. ಟ್ಯೂಬ್‌ಲೈಟು ಆರಿತು, ಪಂಪು ಸುಮ್ಮನಾಯಿತು, ಎಂಟು ಬಾಟಲಿಯ ಗುಳ್ಳೆಗಳೂ ಒಟ್ಟಿಗೇ ನಿಂತವು. ಅಷ್ಟೇ ಅಲ್ಲ, ಒಂದು ಬಾಟಲಿಯ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಮಂಚದ ಕೆಳಗಿದ್ದ ಪಂಪಿನೊಳಕ್ಕೇ ಇಳಿಯಿತು. ಗೌರೀಶ ಮಾವನನ್ನು ಮರೆತ, ಷಡ್ಡಕನನ್ನು ಮರೆತ, ನಾಚಿಕೆಯನ್ನೂ ಮರೆತ. ಮಂಡಿಯೂರಿ ಕೊಳವೆಗಳನ್ನು ಕಿತ್ತ, ಮುಚ್ಚಳ ತಿರುಗಿಸಿದ, ಎರಡೂ ಕೈಯಲ್ಲಿ ಒಂದೊಂದು ಬಾಟಲಿ ಎತ್ತಿ ಅಲ್ಲಾಡಿಸತೊಡಗಿದ.

"ಶಾಂಭವಿ, ಬಾರೆ! ತಳ ಕಟ್ತವೆ!"

ಶಾಂಭವಿ ಕೈಯ ಹಿಟ್ಟನ್ನೂ ತೊಳೆಯದೆ ಓಡಿಬಂದಳು. "ಲೈನು ಹೋತು ಕಣವ್ವಾ," ಎಂದು ಹೇಳಲು ಬಂದ ಭದ್ರಮ್ಮನ ಕೈಗೊಂದು ಬಾಟಲಿ ಹೋಯಿತು. ಹೇಳಿದಂತೆ ಭಾನುವಾರ ಬಂದ ಯತೀಶನ ಕೈಗೆ ಎರಡು ಹೋದವು. ಕೋಣೆಯ ತುಂಬ ಜನ ಹಸಿರು ಬಾಟಲಿ ಕುಲುಕುತ್ತ ನಿಂತಿದ್ದನ್ನು ಗುರುಸ್ವಾಮಿ ಬಾಯಿ ಬಿಟ್ಟುಕೊಂಡು ನೋಡಿದ.

ನಂಜಣ್ಣ ಅಳಿಯನ ಕೈಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: "ಯಾಕೆ ಅಂಗೆ ಅಲ್ಲಾಡಿಸ್ತೀರಿ?"

"ನಿಂತ್ರೆ ಸಾಯ್ತವೆ ಮಾವ." ಗೌರೀಶನಿಗೆ ಉಸಿರು ಹತ್ತಿತ್ತು. "ಮೇಲೆ ಇರೋವು ಮಾತ್ರ ಬೆಳಕು ತಿಂತವೆ, ಕೆಳಗಿರೋವು ಕತ್ತಲಲ್ಲಿ ಕೊಳೀತವೆ. ಆಮೇಲೆ ಅವು ಕೊಳೆತು ಮೇಲಿನವನ್ನೂ ಕೊಲ್ತವೆ. ಅದಕ್ಕೆ ಕೆಳಗಿಂದು ಮೇಲಕ್ಕೆ ಬರ್ತಾ ಇರ್ಬೇಕು, ಮೇಲಿಂದು ಕೆಳಕ್ಕೆ ಹೋಯ್ತಾ ಇರ್ಬೇಕು. ಎಲ್ಲದಕ್ಕೂ ಸರದಿ ಸಿಗ್ಬೇಕು. ಮೇಡಂ ನನ್ನನ್ನ ನಂಬಿ ಕೊಟ್ಟವ್ರೆ ಮಾವ. ಇಷ್ಟು ವರ್ಷದಲ್ಲಿ ಜೀವ ಇರೋದನ್ನ ನನ್ ಕೈಗೆ ಯಾರೂ ಕೊಟ್ಟಿರ್ಲಿಲ್ಲ."

ಈ ಕೊನೆಯ ಮಾತು ಹೇಳಿದ ಮೇಲೆ ತನ್ನ ಪಕ್ಕದಲ್ಲೇ ಶಾಂಭವಿ ನಿಂತಿದ್ದಾಳೆಂದು ಅವನಿಗೆ ನೆನಪಾಯಿತು. ಅವಳು ಅವನನ್ನು ಓರೆಗಣ್ಣಲ್ಲಿ ನೋಡಿದಳು. "ನಮ್ಮಪ್ಪ ಒಂದು ಕೊಟ್ಟಿದ್ರು," ಎಂದಳು, ಬಾಟಲಿ ಅಲ್ಲಾಡಿಸುತ್ತಲೇ.

ಭದ್ರಮ್ಮ ಕಿಸಕ್ಕನೆ ನಕ್ಕರು. ನಂಜಣ್ಣನ ಮುಖ ಸಡಿಲವಾಯಿತು. ಕುಡುಗೋಲನ್ನು ಕಿಟಕಿಯ ಮೇಲಿಟ್ಟು, ಅಂಗಿಯ ತೋಳು ಮಡಚಿ, ಗೌರೀಶನ ಬಲಗೈಯಿಂದ ಬಾಟಲಿಯನ್ನು ತೆಗೆದುಕೊಂಡರು.

"ಕೆಳಗಿನ ಮಣ್ಣು ಮೇಲಕ್ಕೆ ಬಂದು ಬಿಸಿಲು ಕಾಣ್ಲಿ ಅಂತಲೇ ನಾವೂ ಉಳೋದು," ಎಂದರು. "ನೀನು ನೀರು ಉಳ್ತಾ ಇದೀಯ. ಅಷ್ಟೇ ಕಣಪ್ಪ. ಆದ್ರೆ ಇಂಗೆ ಕುಲುಕ್ಬ್ಯಾಡ. ಜೀವ ಐತೆ ಅಂತೀಯಲ್ಲ, ಕೂಸು ತೂಗ್ದಂಗೆ ತೂಗು. ನೋಡಿಲ್ಲಿ."

ಅವರು ಬಾಟಲಿಯನ್ನು ಮಲಗಿಸಿ, ನಿಧಾನವಾಗಿ ತಲೆಕೆಳಗು ಮಾಡಿ, ಮತ್ತೆ ಎತ್ತಿದರು. ತಳದಲ್ಲಿ ಕೂತಿದ್ದ ಹಸಿರು ಹೊಗೆಯಂತೆ ಎದ್ದು ನೀರಿನ ತುಂಬ ಹರಡಿತು. ಎಲ್ಲರೂ ಅದನ್ನು ನೋಡಿ ಹಾಗೆಯೇ ಮಾಡತೊಡಗಿದರು.

"ಬೆಳಕು ಬೇಕು ಅಂತೀಯ, ಕತ್ತಲೆ ಕೋಣೇಲಿ ಯಾಕೆ ನಿಂತಿದೀವಿ?" ಎಂದು ನಂಜಣ್ಣ ಮುಂದುವರಿಸಿದರು. "ಆಚೆ ಸೂರ್ಯ ಅವ್ನೆ."

ಇಪ್ಪತ್ತೊಂದು ವರ್ಷ ವಿಜ್ಞಾನದ ನೆರಳಲ್ಲಿದ್ದ ಗೌರೀಶನಿಗೆ ಇದು ಹೊಳೆದಿರಲಿಲ್ಲ. ಎಂಟೂ ಬಾಟಲಿ ಹಿತ್ತಲಿನ ಹೊಂಗೆ ಮರದ ಕೆಳಗೆ, ಹದ ಬಿಸಿಲಿಗೆ ಹೋದವು. ಹತ್ತು ನಿಮಿಷಕ್ಕೊಮ್ಮೆ ತೂಗುವುದೆಂದು ನಂಜಣ್ಣ ಸರದಿ ಮಾಡಿದರು. ನಾಲೆ ನೀರಿಗೆ ಸರದಿ ಹಾಕಿ ಪಳಗಿದ ಮನುಷ್ಯ, ಯಾರೂ ತಪ್ಪಿಸುವಂತಿರಲಿಲ್ಲ. ಭದ್ರಮ್ಮ ತನ್ನ ಮನೆಯ ಹುರುಳಿಕಾಳು ಸಾರು ತಂದರು. ಎಲ್ಲರೂ ಅಲ್ಲೇ ಮರದ ಕೆಳಗೆ ಒಂದು ಕೈಯಲ್ಲಿ ಮುದ್ದೆ ಮುರಿಯುತ್ತ, ಇನ್ನೊಂದು ಕೈಯಲ್ಲಿ ಬಾಟಲಿ ತೂಗಿದರು. ಯತೀಶ್ ಮೇಲಿನವರ ಉತ್ತರ ಓದಿ ಹೇಳಿದ: "ಮಂಚದ ಮೇಲಿನ ಬೆಳೆಗೆ ಅವಕಾಶ ಇಲ್ಲವಂತೆ ಸರ್." ಯಾರಿಗೂ ಬೇಜಾರಾಗಲಿಲ್ಲ.

ಗುರುಸ್ವಾಮಿ ಅಷ್ಟು ಹೊತ್ತು ಪಿಕಪ್ಪಿನಲ್ಲೇ ಮುಖ ಊದಿಸಿಕೊಂಡು ಕೂತಿದ್ದ. ಸಾರಿನ ವಾಸನೆಗೆ ಇಳಿದು ಬಂದ. ಬಂದವನ ಕೈಗೆ ಮಾವ ಮುದ್ದೆಗಿಂತ ಮೊದಲು ಬಾಟಲಿ ಕೊಟ್ಟರು. ಪಾಚಿ ಪಾಚಿ ಎಂದು ಗೊಣಗುತ್ತಲೇ ತೂಗಿದ. ಆದರೆ ಎಲ್ಲರಿಗಿಂತ ಮೆತ್ತಗೆ ತೂಗಿದ. ಶುಂಠಿ ಬೀಜ ಮುಟ್ಟಿದ ಕೈ ಅದು.

ನಾಲ್ಕು ಗಂಟೆಗೆ ಕರೆಂಟು ಬಂತು. ಒಳಗೆ ಟ್ಯೂಬ್‌ಲೈಟು ಹತ್ತಿದ್ದನ್ನು ಕಂಡು ಹಿತ್ತಲೆಲ್ಲ ಹೋ ಎಂದಿತು. ಬಾಟಲಿಗಳನ್ನು ಮೆರವಣಿಗೆಯಲ್ಲಿ ಒಳಕ್ಕೆ ತಂದು ಕೊಳವೆ ಸೇರಿಸಿದರೆ, ಪಂಪು ಒಮ್ಮೆ ಟರ್ ಎಂದು ಸುಮ್ಮನಾಯಿತು. ಒಳಗೆ ನೀರು ಇಳಿದಿತ್ತಲ್ಲ, ಸುಟ್ಟುಹೋಗಿತ್ತು. ಗೌರೀಶ ಮಂಚದ ಅಂಚಿಗೆ ಕುಸಿದು ಕೂತ. ಹೆಗ್ಗಡದೇವನಕೋಟೆಯಲ್ಲಿ ಅಂಥ ಪಂಪು ಸಿಗುತ್ತಿರಲಿಲ್ಲ.

"ಹುಣಸೂರಲ್ಲಿ ಸಿಗ್ತದಾ?" ಎಂದು ಗುರುಸ್ವಾಮಿ ಕೇಳಿದ. ಉತ್ತರ ಕೇಳಿಸಿಕೊಳ್ಳದೆ ಹೊರಗೆ ನಡೆದ. ಪಿಕಪ್ಪು ಧೂಳೆಬ್ಬಿಸಿ ಹೋಯಿತು.

ಏಳು ಗಂಟೆಯೊಳಗೆ ವಾಪಸಾದ. ಒಂದಲ್ಲ, ಎರಡು ಪಂಪು.

"ಅಂಗಡಿಯೋನು ಎಷ್ಟು ಲೀಟರ್ ಟ್ಯಾಂಕು ಅಂದ. ನಂಗೇನ್ ಗೊತ್ತು? ನಮ್ ಷಡ್ಡಕರದು ಎಂಟು ಎಕರೆ ಅಂದೆ. ನನ್ ಮುಖಾನೇ ನೋಡ್ದ," ಎಂದು ಸಿಡುಕಿದ. "ಒಂದು ಕೆಟ್ರೆ ಇನ್ನೊಂದಿರ್ಲಿ. ಈ ಸಲ ಮಂಚದ ಕೆಳಗೆ ಇಡ್ಬ್ಯಾಡ ಕಣ್ಲಾ, ಗೋಡೆ ಮ್ಯಾಲಿಡು. ಮ್ಯಾಲಿದ್ರೆ ನೀರು ಎಂಗ್ ಹತ್ತದೆ?"

ಗೋಡೆಗೆ ಮೊಳೆ ಹೊಡೆದವನೂ ಅವನೇ. ಪಂಪು ಗುಳುಗುಳು ಎಂದಿತು. ಎಂಟು ಬಾಟಲಿಯಲ್ಲಿ ಏಳು ಹಸಿರಾಗಿಯೇ ಉಳಿದಿದ್ದವು. ಅರ್ಧ ನೀರು ಕಳೆದುಕೊಂಡ ಎಂಟನೆಯದು ತುಸು ಹಳದಿಗೆ ತಿರುಗಿತ್ತು. ನಂಜಣ್ಣ ಅದನ್ನು ಬೆಳಕಿಗೆ ಹಿಡಿದು, "ಇನ್ನೂ ಜೀವ ಐತೆ, ನೋಡಾನ," ಎಂದರು.

"ಹೊರಡಾನ ಮಾವ," ಎಂದು ಗುರುಸ್ವಾಮಿ ಗಾಡಿ ಕೀ ಎತ್ತಿಕೊಂಡ.

"ನೀನು ಹೋಗಪ್ಪ," ಎಂದರು ನಂಜಣ್ಣ, ಹಳದಿ ಬಾಟಲಿಯಿಂದ ಕಣ್ಣು ತೆಗೆಯದೆ. "ಇದು ಏನಾಯ್ತದೆ ನೋಡ್ಕಂಡು ಬತ್ತೀನಿ."

ಶಾಂಭವಿ ಅಡುಗೆಮನೆಗೆ ಹೋಗಿ ಇನ್ನೊಂದು ಹಾಸಿಗೆ ಎಲ್ಲಿದೆಯೆಂದು ಹುಡುಕತೊಡಗಿದಳು. ಹಾಸಿಗೆಗಳು ಅಡುಗೆಮನೆಯಲ್ಲಿ ಇರುವುದಿಲ್ಲ. ಗೌರೀಶ ಅದನ್ನು ಅವಳಿಗೆ ಹೇಳಲು ಹೋಗಲಿಲ್ಲ.

ನಂಜಣ್ಣ ನಾಲ್ಕು ದಿನ ಉಳಿದರು. ಎರಡನೆಯ ದಿನ ಬೆಳಗ್ಗೆ ಜಗುಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಮಗಳ ಪಕ್ಕ ಕೂತು ಮೆಲ್ಲಗೆ ಹೇಳಿದರು: "ಭೂಮಿ ಇಲ್ದಿರೋ ಮನೆಗೆ ಕೊಟ್ಬುಟ್ಟೆ ಅಂತ ನಂಗೆ ನಿನ್ನ ಮುಂದೆ ಕೂರಕ್ಕೇ ಆಯ್ತಿರ್ಲಿಲ್ಲ ಕಣವ್ವ. ಅದಕ್ಕೇ ಬಸ್ಸು ಬಸ್ಸು ಅಂತಿದ್ದೆ."

"ನಾನು ಚೆನ್ನಾಗಿಲ್ಲ ಅಂತ ಯಾವಾಗಾದ್ರೂ ಅಂದಿದ್ನಾ ಅಪ್ಪಾ?"

"ನೀನು ಅನ್ನಲ್ಲ, ನಂಗೊತ್ತು. ಅದೇ ಭಯ."

ಒಳಗೆ ಪಂಪಿನ ಕೊಳವೆ ಸರಿಮಾಡುತ್ತಿದ್ದ ಗೌರೀಶನಿಗೆ ಇದು ಕೇಳಿಸಿತು. ಕೊಳವೆ ಸರಿಯಾಗಿಯೇ ಇತ್ತು. ಆದರೂ ಇನ್ನೂ ಹದಿನೈದು ನಿಮಿಷ ಸರಿಮಾಡಿದ.

ನಾಲ್ಕನೆಯ ದಿನಕ್ಕೆ ಹಳದಿ ಬಾಟಲಿ ಮತ್ತೆ ಹಸಿರಿಗೆ ಬಂತು. ಅದನ್ನು ಕಣ್ಣಾರೆ ಕಂಡ ಮೇಲೆಯೇ ನಂಜಣ್ಣ ಬಸ್ಸು ಹತ್ತಿದರು. ಜೂನ್‌ನಲ್ಲಿ ಕಾಲೇಜು ಬಾಗಿಲು ತೆರೆಯಿತು. ನಾಲ್ಕು ಬಾಟಲಿ ಪ್ರ​ಯೋಗಾಲಯಕ್ಕೆ ಹೋದವು, ಉಳಿದ ನಾಲ್ಕು ಮನೆಯಲ್ಲೇ ಇದ್ದವು. ಮೇಡಂಗೆ ಫೋಟೋ ಹೋಯಿತು, ಅವರಿಂದ ಒಂದು ಕೂಸಿನ ಫೋಟೋ ಬಂತು.

ಮಳೆಗಾಲ ಹಿಡಿದ ಮೇಲೆ ಒಂದು ಸಂಜೆ ಮನೆಯ ಫೋನು ಬಡಿದುಕೊಂಡಿತು. ನಂಜಣ್ಣ ತಾವಾಗಿ ಅಳಿಯನಿಗೆ ಫೋನು ಮಾಡಿದ್ದು ಅದೇ ಮೊದಲು.

"ಕರೆಂಟ್ ಹೋಯ್ತೇನಪ್ಪಾ ಅಲ್ಲಿ?"

"ಇಲ್ಲ ಮಾವ, ಐತೆ."

"ಓ... ಐತಾ. ಇಲ್ಲಿ ಹೋಗೈತೆ, ಅದಕ್ಕೇ ಅಲ್ಲೂ ಹೋಗಿರ್ತದೇನೋ ಅಂತ... ಸರಿ ಬುಡು." ಆಮೇಲೆ ಫೋನು ಕಟ್ಟಾಯಿತು.

ಗೌರೀಶ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಹೊಸ ಅಗ್ರಹಾರಕ್ಕೂ ಕೋಟೆಗೂ ಬೇರೆ ಬೇರೆ ಲೈನು ಎಂದು ಮಾವನಿಗೆ ವಿವರಿಸಬೇಕಿತ್ತು ಎಂದು ಮೊದಲು ಅಂದುಕೊಂಡ. ಆಮೇಲೆ ಬೇಡ ಅಂದುಕೊಂಡ.

ಮುಂದಿನ ವಾರ ಅದೇ ಹೊತ್ತಿಗೆ ಫೋನು ಬಂತು. ಶಾಂಭವಿ ಎದ್ದು ಹೋಗಿ ಟಿ.ವಿ. ಆರಿಸಿದಳು. ಟ್ಯೂಬ್‌ಲೈಟು ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಗೋಡೆಯ ಮೇಲಿನ ಪಂಪು ಸೊಗಸಾಗಿ ಊದುತ್ತಿತ್ತು. ಗೌರೀಶ ಮಂಚದಿಂದ ಒಂದು ಬಾಟಲಿ ತೆಗೆದು ಮುಚ್ಚಳ ಹಾಕಿ ಕೈಗೆತ್ತಿಕೊಂಡ.

"ಕರೆಂಟ್ ಹೋಯ್ತೇನಪ್ಪಾ?"

"ಹೂಂ ಮಾವ, ಈಗ ತಾನೆ ಹೋಯ್ತು."

"ನಂಗೊತ್ತಿತ್ತು!" ಮಾವನ ದನಿಯಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. "ತಿರುಗಿಸ್ತಾ ಇದೀಯಾ?"

"ತಿರುಗಿಸ್ತಾ ಇದೀನಿ ಮಾವ."

"ನಿಧಾನ ಕಣಪ್ಪ. ಕೂಸು ತೂಗ್ದಂಗೆ. ನಾನು ಲೈನಲ್ಲೇ ಇರ್ತೀನಿ, ನೀನು ತಿರುಗಿಸು."

ಉರಿಯುವ ದೀಪದ ಕೆಳಗೆ ನಿಂತು, ಫೋನನ್ನು ಕಿವಿಗೂ ಹೆಗಲಿಗೂ ಒತ್ತಿಹಿಡಿದು, ಗೌರೀಶ ನಿಜವಾಗಿಯೂ ತಿರುಗಿಸಿದ. ಶಾಂಭವಿಯೂ ಒಂದು ಬಾಟಲಿ ತೆಗೆದುಕೊಂಡು ಪಕ್ಕದಲ್ಲಿ ನಿಂತಳು. ಆ ಕಡೆಯಿಂದ ಹಳ್ಳಿಯ ಮಳೆಯ ಸದ್ದು, ಮಾವನ ಉಸಿರು. ಇಪ್ಪತ್ತು ನಿಮಿಷವಾದ ಮೇಲೆ ಆ ಕಡೆ ಯಾವುದೋ ರೇಡಿಯೋ ಒಮ್ಮೆಲೇ ಹಾಡತೊಡಗಿತು.

"ಬಂತು ಕಣಪ್ಪ ಇಲ್ಲಿ," ಎಂದರು ನಂಜಣ್ಣ. "ಅಲ್ಲೂ ಬಂದಿರ್ತದೆ, ನೋಡು."

"ಬಂತು ಮಾವ," ಎಂದ ಗೌರೀಶ.